ಮೇಸ್ತ್ರಿಯ ಕೆಮ್ಮು

ತೂಕ ಮತ್ತು ಅಳತೆ ಇಲಾಖೆಯಲ್ಲಿ ಇಪ್ಪತ್ತಾರು ವರ್ಷ ದುಡಿದ ಮನುಷ್ಯನನ್ನು ಸಂಗೀತದ ಕಚೇರಿಗೆ ವರ್ಗ ಮಾಡಿದರೆ ಏನಾದೀತು ಎಂದು ಸರ್ಕಾರ ಯೋಚಿಸಿದಂತೆ ಕಾಣಲಿಲ್ಲ. ಹೊಸ ಕಾನೂನು ಬಂದಿತ್ತು, ಅದಕ್ಕೊಂದು ಹೊಸ ಕಚೇರಿ ತೆರೆದಿತ್ತು, ‘ತಪಾಸಣೆಯಲ್ಲಿ ಅನುಭವ ಇರುವವರು ಬೇಕು’ ಎಂದು ಸುತ್ತೋಲೆ ಹೊರಟಿತ್ತು. ಯಾವುದರ ತಪಾಸಣೆ ಎಂದು ಸುತ್ತೋಲೆಯಲ್ಲಿ ಬರೆದಿರಲಿಲ್ಲ. ಹಾಗಾಗಿ ಒಂದು ಸೋಮವಾರ ಅವರು ಹಿತ್ತಾಳೆಯ ತೂಕದ ಬಟ್ಟುಗಳ ಪೆಟ್ಟಿಗೆಯನ್ನು ಬೀಗದ ಕೈ ಸಮೇತ ಒಪ್ಪಿಸಿ, ಊಟದ ಡಬ್ಬಿ ಹಿಡಿದುಕೊಂಡು ಮೂರನೆಯ ಮಹಡಿಯ ಸಂಗೀತ ನೋಂದಣಿ ಕಚೇರಿಗೆ ಬಂದು ಕುಳಿತರು. ಮಧ್ಯಾಹ್ನದೊಳಗೆ ಅವರಿಗೆ ‘ತಕ್ಕಡಿ’ ಎಂದು ಹೆಸರು ಬಿತ್ತು. ಸಂಜೆಯೊಳಗೆ ಅದು ‘ತಕ್ಕಡಿಯವರು’ ಎಂದು ಗೌರವ ಪಡೆಯಿತು, ಏಕೆಂದರೆ ಕಚೇರಿಯ ಗಡಿಯಾರ ನಾಲ್ಕು ನಿಮಿಷ ಹಿಂದಿದೆ ಎಂದು ಬಂದ ದಿನವೇ ಬರಹದಲ್ಲಿ ದೂರು ಕೊಟ್ಟವರು ಅವರೊಬ್ಬರೇ.

ವ್ಯಾಪಾರಿಯ ಸುಳ್ಳು ಹಿಡಿಯುವುದರಲ್ಲಿ ತಕ್ಕಡಿಯವರ ಕಿವಿ ಎಷ್ಟು ಚುರುಕೋ, ಹಾಡಿನ ವಿಷಯದಲ್ಲಿ ಅಷ್ಟೇ ಮೊಂಡು. ಹಾಡು ಶುರುವಾದದ್ದು ಗೊತ್ತಾಗುತ್ತಿತ್ತು, ಮುಗಿದದ್ದೂ ಗೊತ್ತಾಗುತ್ತಿತ್ತು. ನಡುವೆ ಏನು ನಡೆಯಿತು ಎಂಬುದನ್ನು ಪಕ್ಕದವರ ಮುಖ ನೋಡಿ ತಿಳಿದುಕೊಳ್ಳಬೇಕಿತ್ತು. ಮದುವೆಯಾದ ಹೊಸತರಲ್ಲಿ ಹೆಂಡತಿ ನಾಚುತ್ತಾ ಒಂದು ಹಾಡು ಹೇಳಿದಾಗ, ಮುಗಿದ ಮೇಲೆ ಇವರು ಗಂಟಲು ನೋವೇ ಎಂದು ಕೇಳಿದ್ದರಂತೆ. ಆಕೆ ಅದನ್ನು ಈಗಲೂ ಬಂದವರಿಗೆಲ್ಲ ಹೇಳುತ್ತಾಳೆ.

ಕಾನೂನು ಬಂದದ್ದಕ್ಕೆ ಕಾರಣವಿತ್ತು. ಹಾಡು ಕಟ್ಟುವ ಯಂತ್ರಗಳು ಬಂದು ಆರೇಳು ವರ್ಷಗಳಾಗಿದ್ದವು. ಒಂದು ಗುಂಡಿ ಒತ್ತಿದರೆ ಸಾವಿರ ಹಾಡು. ಮೊದಮೊದಲು ಜನಕ್ಕೆ ಅದು ಮೋಜೆನಿಸಿತು. ಬರಬರುತ್ತಾ ಬಸ್ಸಿನಲ್ಲಿ, ಲಿಫ್ಟಿನಲ್ಲಿ, ಅಂಗಡಿಯಲ್ಲಿ, ಹಲ್ಲಿನ ಡಾಕ್ಟರರ ಕೋಣೆಯಲ್ಲಿ ಎಲ್ಲ ಕಡೆಯೂ ಒಂದೇ ಹಾಡನ್ನು ಬೇರೆ ಬೇರೆ ಬಟ್ಟೆ ತೊಡಿಸಿ ಕೂರಿಸಿದಂತೆ ಕೇಳತೊಡಗಿತು. ಮದುವೆಗೆ ನುಡಿಸಿದ್ದೇ ಹಲ್ಲು ಕೀಳಿಸಿಕೊಳ್ಳುವಾಗಲೂ ನುಡಿಯುತ್ತದೆ ಎಂದು ಜನ ಗೊಣಗಿದರು. ಅಷ್ಟರಲ್ಲಿ ಮೀನುಗಾರರ ಹಾಡು, ಕಲ್ಲು ಒಡೆಯುವವರ ಹಾಡು, ಸಣ್ಣ ಸಣ್ಣ ಭಾಷೆಗಳ ಹಾಡು ಎಲ್ಲ ರೇಡಿಯೋದಿಂದ ಜಾರಿಹೋಗಿದ್ದವು. ಆಗ ಕಾನೂನು ಮೂರು ಮಾತು ಹೇಳಿತು. ಯಂತ್ರದ ಹಾಡಿನ ಮೇಲೆ ‘ಯಂತ್ರದ್ದು’ ಎಂಬ ಮುದ್ರೆ ಇರಬೇಕು. ಯಾರ ಹಾಡನ್ನು ಯಂತ್ರಕ್ಕೆ ಉಣಿಸಿದಿರೋ ಅವರ ಒಪ್ಪಿಗೆ ಇರಬೇಕು. ರೇಡಿಯೋದಲ್ಲಿ ಐದು ತಾಸಿಗೆ ಒಂದು ತಾಸು ಸಣ್ಣ ಗುಂಪುಗಳ ಹಾಡಿಗೆ ಮೀಸಲು.

ಬಂದ ಎರಡನೇ ತಿಂಗಳಲ್ಲಿ ತಕ್ಕಡಿಯವರ ಮೇಜಿಗೆ ಒಂದು ಕಂಪನಿಯ ಅರ್ಜಿ ಬಂತು. ಅವರು ‘ಲಾಂಡ್ರಿ ಹಾಡು’ ಎಂಬ ಶೈಲಿಯಲ್ಲಿ ಯಂತ್ರದಿಂದ ಇನ್ನೂರು ಹಾಡು ಮಾಡಿಸಿದ್ದರು. ಅವನ್ನು ಮೀಸಲು ತಾಸಿನಲ್ಲೇ ಹಾಕಲು ಅನುಮತಿ ಬೇಕಂತೆ. ಆ ಹಾಡು ಹಾಡುತ್ತಿದ್ದ ದೊಡ್ಡ ಲಾಂಡ್ರಿ ಮುಚ್ಚಿ ಇಪ್ಪತ್ತೆರಡು ವರ್ಷವಾಯಿತು, ಹಾಡುವವರು ಒಬ್ಬರೂ ಉಳಿದಿಲ್ಲ, ಶೈಲಿಗೆ ವಾರಸುದಾರರಿಲ್ಲ, ನಾವು ಅದನ್ನು ಸಾವಿನ ದವಡೆಯಿಂದ ಎಳೆದು ತಂದಿದ್ದೇವೆ ಎಂದು ಅರ್ಜಿ ಹೇಳಿತ್ತು. ಯಂತ್ರಕ್ಕೆ ಏನು ಉಣಿಸಿದಿರಿ ಎಂಬ ಒಂಬತ್ತನೆಯ ಕಲಮಿನಲ್ಲಿ ‘ಸಾಮಾನ್ಯ ಸಂಗ್ರಹ’ ಎಂದಿಷ್ಟೇ ಬರೆದಿತ್ತು. ನಿಯಮದ ಪ್ರಕಾರ ಆ ಶೈಲಿಯನ್ನು ಬಾಯಿಪಾಠ ಹಾಡಬಲ್ಲ ಮೂವರು ಜೀವಂತ ಸಿಕ್ಕರೆ ಶೈಲಿ ಅವರದು, ಸಿಗದಿದ್ದರೆ ಕಂಪನಿಯದು. ಹುಡುಕಲು ಹದಿನೈದು ದಿನ.

ಲಾಂಡ್ರಿ ಎಂಬ ಮಾತು ಓದಿದ ಕೂಡಲೇ ಅವರಿಗೆ ಮನೆಯ ನೆನಪಾಗಬೇಕಿತ್ತು. ಆಗಲಿಲ್ಲ. ಅತ್ತೆ ಎಲ್ಲೋ ಬಟ್ಟೆಯ ಕೆಲಸ ಮಾಡುತ್ತಿದ್ದರು ಎಂದಷ್ಟೇ ಅವರಿಗೆ ಗೊತ್ತು. ಹೆಂಡತಿಯ ತಾಯಿ ಎಂಟು ವರ್ಷದಿಂದ ಇವರ ಮನೆಯಲ್ಲೇ ಇದ್ದರೂ ಇಬ್ಬರ ನಡುವಿನ ಮಾತು ‘ಊಟ ಆಯ್ತಾ ಅತ್ತೆ’, ‘ಆಯ್ತು ಅಳಿಯಂದ್ರೇ’ ಎಂಬುದನ್ನು ದಾಟಿರಲಿಲ್ಲ.

ಸಂಜೆ ಅಡುಗೆಮನೆಯ ಮೇಜಿನ ಮೇಲೆ ಫೋನು ಇಟ್ಟು, ಪಕ್ಕದಲ್ಲಿ ಗಡಿಯಾರ ಇಟ್ಟುಕೊಂಡು ತಕ್ಕಡಿಯವರು ಹಾಡುಗಳ ಉದ್ದ ಅಳೆಯಲು ಕುಳಿತರು. ಅವರ ಕೈಲಾಗುವ ತಪಾಸಣೆ ಅದೊಂದೇ. ಎದುರಿಗೆ ಅತ್ತೆ ಬಟಾಣಿ ಸುಲಿಯುತ್ತಿದ್ದರು. ಮೊದಲ ಹಾಡು ಅರ್ಧಕ್ಕೆ ಬಂದಾಗ ಅವರ ಕೈ ನಿಂತಿತು.

“ಅದನ್ನ ಇನ್ನೊಂದು ಸಲ ಹಾಕಿ,” ಅಂದರು.

ಹಾಕಿದರು. ಅತ್ತೆ ತಲೆ ಓರೆ ಮಾಡಿ ಕೇಳಿದರು. ಹಾಡಿನ ನಡುವೆ ತಾಳದಂತೆ ಏನೋ ಮೂರು ಸಲ ಬಡಿಯಿತು: ಎರಡು ಗಟ್ಟಿ, ಮೂರನೆಯದು ಮೂಗು ಹಿಡಿದಂತೆ ಮೊಟಕು.

“ಇದು ನಮ್ಮ ಮೇಸ್ತ್ರಿಯ ಕೆಮ್ಮು,” ಎಂದು ಅತ್ತೆ ಹೇಳಿ ಮತ್ತೆ ಬಟಾಣಿಗೆ ಕೈ ಹಾಕಿದರು.

ತಕ್ಕಡಿಯವರಿಗೆ ಅರ್ಥವಾಗಲಿಲ್ಲ. ಆಗ ಅತ್ತೆ ಎಂಟು ವರ್ಷದಲ್ಲಿ ಆಡದಷ್ಟು ಮಾತನ್ನು ಒಂದೇ ಸಂಜೆ ಆಡಿದರು. ಲಾಂಡ್ರಿಯಲ್ಲಿ ಎರಡು ಹಜಾರಗಳಿದ್ದವು, ಒಂದು ಒಗೆಯುವುದಕ್ಕೆ, ಒಂದು ಇಸ್ತ್ರಿಗೆ. ಆಸ್ಪತ್ರೆ, ಹೋಟೆಲುಗಳ ಚಾದರ ದಿನಕ್ಕೆ ಮೂರು ಲಾರಿ ಬರುತ್ತಿತ್ತು. ಒಗೆಯುವ ಹಜಾರದಲ್ಲಿ ಚಾದರದ ಆ ತುದಿಗೊಬ್ಬಳು, ಈ ತುದಿಗೊಬ್ಬಳು ನಿಂತು ಹಿಂಡಬೇಕು. ಹಿಂಡುವ ಬೀಸಿಗೆ ಹಾಡು ತಾನಾಗಿ ಬರುತ್ತಿತ್ತು. ಹಾಡೆಂದರೆ ಬೈಗುಳ. ಮೇಸ್ತ್ರಿಗೆ ಬೈಗುಳ, ಆಸ್ಪತ್ರೆಯವರಿಗೆ ಬೈಗುಳ, ಅದು ಸಾಲದಿದ್ದರೆ ಗೋಡೆಯಾಚೆಯ ಇಸ್ತ್ರಿಯವರಿಗೆ. ಇಸ್ತ್ರಿಯವರೂ ಸುಮ್ಮನಿರುವ ಪೈಕಿಯಲ್ಲ. ದಿನಾ ಹೊಸ ನುಡಿ ಕಟ್ಟಬೇಕು, ಹಳೆಯದನ್ನು ಮತ್ತೆ ಹಾಡಿದವಳಿಗೆ ಎಲ್ಲರೂ ಛೀಮಾರಿ ಹಾಕುತ್ತಿದ್ದರು. ಮೇಸ್ತ್ರಿ ಬಾಗಿಲಾಚೆ ಮೂರು ಸಲ ಕೆಮ್ಮಿದನೆಂದರೆ ಮುಂದಿನ ಸಾಲಿಗೆ ಹಾಡು ಸ್ತುತಿಯಾಗಿ ತಿರುಗಿಬಿಡುತ್ತಿತ್ತು. ಅತ್ತೆ ಬಟಾಣಿ ಸಿಪ್ಪೆ ಹಿಂಡುತ್ತಾ ಹಾಡಿ ತೋರಿಸಿದರು:

ಮೇಸ್ತ್ರಿ ಮೀಸೆ ಒದ್ದೆ ಚಾದರ,
ಆಚೆ ತುದಿ ನೀ ಹಿಡಿಯೇ;
ಬಲಕ್ಕೆ ನಾನು, ಎಡಕ್ಕೆ ನೀನು,
ಹನಿ ಬೀಳೋ ತನಕ ಹಿಂಡೇ.

“ಆಮೇಲೆ ಕೆಮ್ಮು,” ಎಂದು ನಿಲ್ಲಿಸಿ, ಮುಖಕ್ಕೆ ಭಕ್ತಿ ತಂದುಕೊಂಡು ಮುಂದುವರಿಸಿದರು:

ಬಂದರು ನೋಡಿ ನಮ್ಮ ದೊರೆ,
ಮನಸು ಹಾಲಿನ ಬಿಳಿ ನೊರೆ.

ಫೋನಿನ ಹಾಡಿನಲ್ಲೂ ಕೆಮ್ಮಿನ ನಂತರ ಅದೇ ತಿರುವು ಇತ್ತು. ತಕ್ಕಡಿಯವರು ಒಂದಾದ ಮೇಲೊಂದು ಹಾಕಿ ನೋಡಿದರು. ಬೈಗುಳವನ್ನು ಕಂಪನಿ ತೊಳೆದು ಹೂವು, ಹಕ್ಕಿ, ಬೆಳಗು ಮಾಡಿತ್ತು. ಆದರೆ ಇನ್ನೂರರಲ್ಲಿ ಒಂದನ್ನೂ ಬಿಡದೆ, ನಿಮಿಷ ಒಂದು, ಸೆಕೆಂಡು ನಲವತ್ತಕ್ಕೆ ಸರಿಯಾಗಿ ಮೂರು ಬಡಿತ, ಆಮೇಲೆ ಯಾರನ್ನೋ ಹೊಗಳುವುದು. ಲಾಂಡ್ರಿ ಮುಚ್ಚುವ ವರ್ಷ ಯಾರೋ ಸಂಶೋಧಕಿ ಬಂದು ಟೇಪಿನಲ್ಲಿ ಹಾಡು ಹಿಡಿದುಕೊಂಡು ಹೋದದ್ದು, ಅದು ಒಂದು ಗ್ರಂಥಾಲಯದಲ್ಲಿದೆ ಎಂದು ಕಾಗದ ಬಂದದ್ದು ಅತ್ತೆಗೆ ನೆನಪಿತ್ತು. ‘ಸಾಮಾನ್ಯ ಸಂಗ್ರಹ’ ಎಲ್ಲಿಯದೆಂದು ತಕ್ಕಡಿಯವರಿಗೆ ಈಗ ಹೊಳೆಯಿತು.

ಮರುದಿನ ಅವರು ಮೇಲಧಿಕಾರಿಣಿಯ ಮುಂದೆ ನಿಂತು, ಸಾಕ್ಷಿ ತನ್ನ ಅತ್ತೆಯಾಗಿರುವುದರಿಂದ ಪಕ್ಷಪಾತದ ಆರೋಪ ಬರಬಹುದು, ಕಡತವನ್ನು ಬೇರೆಯವರಿಗೆ ಕೊಡಬೇಕು ಎಂದು ನಿಯಮ ಹೇಳಿ ಕೇಳಿಕೊಂಡರು. ಮೇಡಂ ಕನ್ನಡಕ ತೆಗೆದು, ಅತ್ತೆ ನಿಮ್ಮ ಮನೆಯಲ್ಲೇ ಇರುತ್ತಾರಾ ಎಂದು ವಿಚಾರಿಸಿದರು. ಹೌದೆಂದಾಗ, “ಹಾಗಾದ್ರೆ ನೀವು ಅವರ ಪರ ಅಂತ ಯಾರೂ ನಂಬಲ್ಲ, ಮುಂದುವರಿಸಿ,” ಎಂದು ಕಡತವನ್ನು ಹಿಂದಕ್ಕೆ ತಳ್ಳಿದರು. ತೀರ್ಪು ಕೊಡುವುದು ತಾವು, ಇವರು ಹುಡುಕುವವರು ಮಾತ್ರ ಎಂದೂ ಕಡತದಲ್ಲಿ ಬರೆದರು.

ಒಬ್ಬರಾದರು, ಇನ್ನಿಬ್ಬರು ಬೇಕು. ಒಗೆಯುವ ಹಜಾರದಲ್ಲಿ ಅತ್ತೆಯ ಜೊತೆಯವರು ಕೆಲವರು ತೀರಿಹೋಗಿದ್ದರು, ಕೆಲವರು ಎಲ್ಲೆಲ್ಲಿಗೋ ಹೋಗಿದ್ದರು, ಒಬ್ಬಾಕೆಗೆ ಹಾಡಿರಲಿ, ಸ್ವಂತ ಮಗನ ಗುರುತೇ ಉಳಿದಿರಲಿಲ್ಲ. ಇಸ್ತ್ರಿ ಹಜಾರದಲ್ಲಿ ಯಾರಾದರೂ ಇದ್ದಾರೆಯೇ ಎಂದಾಗ ಅತ್ತೆ ಎದ್ದು ಹೋಗಿ ಪಾತ್ರೆ ತೊಳೆಯತೊಡಗಿದರು. ಹೆಂಡತಿ ಪಿಸುಮಾತಿನಲ್ಲಿ, “ಇದಾಳೆ ಒಬ್ಳು, ಇಸ್ತ್ರಿಯಕ್ಕ. ಲಾಂಡ್ರಿ ಮುಚ್ಚಿದ ದಿನದಿಂದ ಅಮ್ಮ ಅವಳ ಬೀದೀಲೂ ಕಾಲಿಟ್ಟಿಲ್ಲ,” ಎಂದಳು.

ಇಸ್ತ್ರಿಯಕ್ಕನ ಮನೆ ಬಸ್ಸಿನ ಕೊನೆಯ ನಿಲ್ದಾಣದಾಚೆ, ಎರಡು ಕೋಣೆಯದು. ಎಪ್ಪತ್ತು ದಾಟಿದ್ದರೂ ಬೆನ್ನು ಇಸ್ತ್ರಿ ಮಾಡಿದಷ್ಟು ನೆಟ್ಟಗಿತ್ತು. ಬಾಗಿಲು ತೆಗೆದವರೇ ತಕ್ಕಡಿಯವರ ಅಂಗಿಯ ಕಾಲರು ನೋಡಿ, ಯಾರು ಹೀಗೆ ಸುಟ್ಟದ್ದು ಎಂದು ಕೇಳಿದರು. ಇವರು ತಾನು ಇಂಥವರ ಅಳಿಯ ಎಂದಾಗ, ಸರಿ ಹಾಗಾದರೆ, ಎಂದು ತಲೆಯಾಡಿಸಿದರು.

ಜಗಳ ಒಂದು ನುಡಿಯದು. ಲಾಂಡ್ರಿ ಮುಚ್ಚುವ ಹಿಂದಿನ ತಿಂಗಳು ಇಸ್ತ್ರಿಯಕ್ಕ ಯಾರೋ ದೊಡ್ಡ ಸಾಹೇಬರ ಅಂಗಿಯ ಬೆನ್ನು ಸುಟ್ಟಿದ್ದರು. ಅದರ ಮೇಲೆ ಹುಟ್ಟಿದ ಹಾಡನ್ನು ಅತ್ತೆ ಹೀಗೆ ಹಾಡುತ್ತಿದ್ದರಂತೆ:

ಇಸ್ತ್ರಿ ಮನೆಯ ಜಾಣೆ ನೋಡೇ,
ಅಂಗಿ ಬೆನ್ನಿಗೆ ಕಿಟಕಿ ಇಟ್ಟಳು;
ಗಾಳಿ ಬೇಕು ಅಂದ್ರು ಸಾಹೇಬ್ರು,
ಪುಣ್ಯಾತ್ಗಿತ್ತಿ ತೆರೆದೇ ಬಿಟ್ಟಳು.

ಅಷ್ಟು ಕೆಟ್ಟದಾಗಿ ಹಾಡಿದ್ದಕ್ಕೆ ಸಿಟ್ಟು ಬರುವುದು ಸಹಜ ಎಂದು ತಕ್ಕಡಿಯವರು ಸಮಾಧಾನ ಹೇಳಲು ಹೋದರು. ಇಸ್ತ್ರಿಯಕ್ಕ ಅವರನ್ನು ಕನಿಕರದಿಂದ ನೋಡಿದರು.

“ಹಾಡಿದ್ದಕ್ಕಲ್ಲಪ್ಪ ಸಿಟ್ಟು. ಆ ಹಾಡು ಕಟ್ಟಿದ್ದೇ ನಾನು. ಬೇರೆಯವರು ಕಟ್ಟೋಕೆ ಮುಂಚೆ ನನ್ನ ಮೇಲೆ ನಾನೇ ಕಟ್ಟಿಬಿಡೋಣ ಅಂತ ಸುಟ್ಟ ವಾಸನೆ ಹೋಗೋದ್ರೊಳಗೆ ಕಟ್ಟಿದೆ. ನಿಮ್ಮತ್ತೆ ಅದನ್ನ ಕದ್ದು, ತಾನು ಕಟ್ಟಿದ್ದು ಅಂತ ಟೇಪಿನೋರ ಮುಂದೆ ಹೇಳಿದ್ಳು.”

ಬರಬೇಕಾದರೆ ಒಂದು ಷರತ್ತು: ಆ ನುಡಿ ಇಸ್ತ್ರಿಯಕ್ಕನದು ಎಂದು ಸರ್ಕಾರಿ ಕಾಗದದಲ್ಲಿ ದಾಖಲಾಗಬೇಕು. ತಕ್ಕಡಿಯವರು ಮನೆಗೆ ಬಂದು ಇದನ್ನು ತಿಳಿಸಿದಾಗ ಅತ್ತೆಯೂ ಷರತ್ತು ಹಾಕಿದರು: ಆ ನುಡಿ ತನ್ನದೆಂದು ದಾಖಲಾಗುವುದಾದರೆ ಮಾತ್ರ ತಾನು ಬರುವುದು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಕೊನೆಗೆ ತಕ್ಕಡಿಯವರು ಇಬ್ಬರಿಗೂ ಬೇರೆ ಬೇರೆಯಾಗಿ, ಅವರವರ ಹೇಳಿಕೆಯನ್ನು ಅಕ್ಷರ ಬಿಡದೆ ಬರೆದುಕೊಳ್ಳುವುದಾಗಿ ಮಾತು ಕೊಟ್ಟರು. ಅದು ಸುಳ್ಳಾಗಿರಲಿಲ್ಲ. ಪೂರ್ತಿ ಸತ್ಯವೂ ಆಗಿರಲಿಲ್ಲ. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಮೊದಲ ಬಾರಿಗೆ ತಕ್ಕಡಿಯ ಮುಳ್ಳನ್ನು ಕೂದಲೆಳೆಯಷ್ಟು ಸರಿಸಿದೆನೆಂದು ಅವರಿಗೆ ಆ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ.

ಮೂರನೆಯವರು ಸಿಗದೆ ಹನ್ನೊಂದು ದಿನ ಕಳೆದವು. ಹನ್ನೆರಡನೆಯ ದಿನ ತಕ್ಕಡಿಯವರಿಗೆ ಬೇರೆಯೇ ದಾರಿ ಹೊಳೆಯಿತು. ಹಾಡುವವರು ಸಿಗದಿದ್ದರೆ ಬೇಡ, ಕೆಮ್ಮಿದವರಾದರೂ ಸಿಕ್ಕರೆ ಅಸಲಿ ಕೆಮ್ಮನ್ನು ಹಾಡಿನ ಕೆಮ್ಮಿನ ಪಕ್ಕದಲ್ಲಿಟ್ಟು ತೂಗಬಹುದಲ್ಲ? ಅಂತೂ ವಿಚಾರಿಸಿ ವಿಚಾರಿಸಿ, ಸೈಕಲ್ ರಿಪೇರಿ ಅಂಗಡಿಯ ಮೇಲಿನ ಮನೆಯಲ್ಲಿ ಮಗಳ ಜೊತೆಗಿದ್ದ ಮೇಸ್ತ್ರಿಯನ್ನು ಹಿಡಿದರು. ಮೀಸೆ ಈಗ ಬಿಳಿ, ಆದರೆ ಒದ್ದೆ ಚಾದರಕ್ಕೆ ಹೋಲಿಸಿದ್ದು ಸುಮ್ಮನೆ ಅಲ್ಲವೆನ್ನುವಷ್ಟು ಇನ್ನೂ ಇತ್ತು. ತಕ್ಕಡಿಯವರು ಸಂಕೋಚಪಡುತ್ತಲೇ, ತಮ್ಮ ಕೆಮ್ಮಿನ ಒಂದು ಮಾದರಿ ಬೇಕಿತ್ತು ಎಂದರು.

ಕೆಮ್ಮೇ ಇಲ್ಲವಲ್ಲ ಎಂದರು ಮೇಸ್ತ್ರಿ. ಯಾವತ್ತೂ ಇರಲಿಲ್ಲವಂತೆ.

“ಅದು ರೋಗ ಅಲ್ಲಪ್ಪ, ಉಪಾಯ,” ಎಂದು ವಿವರಿಸಿದರು. “ಹಾಡಿದ್ದು ಕಿವಿಗೆ ಬಿದ್ರೆ ಹೆಸರು ಬರೆದು ಮೇಲಿನೋರಿಗೆ ಕಳಿಸಬೇಕು ಅಂತ ರೂಲಿತ್ತು. ಒಂದು ದಿನ ಬರೆದಿದ್ರೆ ಇಡೀ ಹಜಾರ ಖಾಲಿ. ಅದಕ್ಕೆ ಕೆಮ್ಮಿ ಒಳಗೆ ಹೋಗ್ತಿದ್ದೆ. ಕೆಮ್ಮೋಕೆ ಮುಂಚೆ ಮಾತ್ರ ಬಾಗಿಲ ಹಿಂದೆ ಹತ್ತು ನಿಮಿಷ ನಿಂತಿರ್ತಿದ್ದೆ.”

ಹತ್ತು ನಿಮಿಷ ಏಕೆ ಎಂದು ತಕ್ಕಡಿಯವರು ಕೇಳಿದರು.

ಮೇಸ್ತ್ರಿ ಮೀಸೆ ಸವರಿಕೊಂಡು ಒಳಗೆ ಮಗಳಿದ್ದಾಳೆಯೇ ಎಂದು ಇಣುಕಿ ನೋಡಿದರು. ಆಮೇಲೆ ಮೆಲ್ಲಗೆ ಶುರು ಮಾಡಿದರು. ಮೀಸೆಯ ಹಾಡು, ಛತ್ರಿಯ ಹಾಡು, ಅವರ ನಡಿಗೆಯ ಮೇಲೆ ಕಟ್ಟಿದ ಏಳು ನುಡಿ, ಬೋಳುತಲೆಯ ಮೇಲೆ ಕಟ್ಟಿದ ಹದಿನಾಲ್ಕು, ಒಂದೂ ಮರೆತಿರಲಿಲ್ಲ. ಮೂವತ್ತು ವರ್ಷದ ಬೈಗುಳ ಬಾಯಿಪಾಠ. ಒಗೆಯುವವರು ಯಾವ ದನಿಯಲ್ಲಿ, ಇಸ್ತ್ರಿಯವರು ಯಾವ ದನಿಯಲ್ಲಿ ಹಾಡುತ್ತಿದ್ದರು ಎಂಬುದನ್ನೂ ಬೇರೆ ಬೇರೆಯಾಗಿ ಹಾಡಿ ತೋರಿಸಿದರು. ತಕ್ಕಡಿಯವರಿಗೆ ರಾಗ ತಿಳಿಯದಿದ್ದರೂ ಲೆಕ್ಕ ತಿಳಿಯುತ್ತಿತ್ತು. ಮೂರನೆಯವರು ಸಿಕ್ಕಿದ್ದರು.

ವಿಚಾರಣೆ ಗುರುವಾರ ಹನ್ನೊಂದಕ್ಕೆ, ಕಚೇರಿಯ ಉದ್ದ ಮೇಜಿನ ಕೋಣೆಯಲ್ಲಿ. ಕಂಪನಿಯ ಪ್ರತಿನಿಧಿ ಮೂವತ್ತರ ಆಸುಪಾಸಿನ ಯುವಕ, ಮಾತು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ. ಅತ್ತೆ ಮೇಜಿನ ಈ ತುದಿಗೆ, ಇಸ್ತ್ರಿಯಕ್ಕ ಆ ತುದಿಗೆ ಕುಳಿತು ಇಬ್ಬರೂ ಕಿಟಕಿ ನೋಡುತ್ತಿದ್ದರು. ಮೇಸ್ತ್ರಿ ಇನ್ನೂ ಬಂದಿರಲಿಲ್ಲ. ಬಸ್ಸು ತಪ್ಪಿತೆಂದು ಫೋನು ಬಂದಿತ್ತು. ಮೂರನೆಯವರು ಯಾರೆಂದು ಹೆಂಗಸರಿಗೆ ತಕ್ಕಡಿಯವರು ಹೇಳಿರಲಿಲ್ಲ. ಹೇಳಿದರೆ ಇನ್ನೇನು ಷರತ್ತು ಬರುತ್ತದೋ ಎಂಬ ಹೆದರಿಕೆ.

ಪ್ರತಿನಿಧಿ ಒಂದು ಹಾಡು ಹಾಕಿದ. ಮೂರು ಬಡಿತ ಬಂದು ಹಾಡು ತಿರುಗಿದಾಗ ಕೈಯೆತ್ತಿ ವಿವರಿಸಿದ. ಈ ಶೈಲಿಯ ಜೀವಾಳವೇ ಈ ಘಳಿಗೆಯಂತೆ. ದುಡಿಯುವ ಜೀವ ಲೋಕದ ಹೂವು ಹಕ್ಕಿಗಳನ್ನು ಹಾಡುತ್ತಾ ಹಾಡುತ್ತಾ, ಯಾವುದೋ ಒಳಗಿನ ಕರೆಗೆ ಓಗೊಟ್ಟು, ಇದ್ದಕ್ಕಿದ್ದಂತೆ ಪರಮಾತ್ಮನಿಗೆ ಶರಣಾಗುತ್ತದಂತೆ. ತಮ್ಮ ಯಂತ್ರ ಈ ಆಧ್ಯಾತ್ಮಿಕ ತಿರುವನ್ನು ಇನ್ನೂರು ಹಾಡಿನಲ್ಲೂ ತಪ್ಪದೆ ಹಿಡಿದಿದೆಯಂತೆ. ಅತ್ತೆಗೆ ಕೆಮ್ಮು ಬಂದ ಹಾಗಾಯಿತು. ಇಸ್ತ್ರಿಯಕ್ಕ ಕಿಟಕಿಯ ಕಡೆಯೇ ನೋಡುತ್ತಾ ತುಟಿ ಕಚ್ಚಿಕೊಂಡರು.

ಮೇಡಂ ಇಬ್ಬರಿಗೂ ಒಂದು ಹಾಡು ಹೇಳಲು ಸೂಚಿಸಿದರು. ಅತ್ತೆ ಕಿಟಕಿಯ ಹಾಡನ್ನೇ ಎತ್ತಿಕೊಂಡರು. ನಾಲ್ಕನೇ ಸಾಲಿಗೆ ಬರುವಷ್ಟರಲ್ಲಿ ಇಸ್ತ್ರಿಯಕ್ಕ ತಡೆದು, “ತೆರೆದೇ ಬಿಟ್ಟಳು ಅಲ್ಲ, ಕೊರೆದೇ ಕೊಟ್ಟಳು. ಕದ್ದವಳಿಗೆ ಸರಿಯಾಗಿ ಕದಿಯೋಕೂ ಬರಲ್ಲ,” ಎಂದರು. ಕಿಟಕಿಯನ್ನು ಯಾರಾದರೂ ಕೊರೆಯುತ್ತಾರೆಯೇ ಎಂದು ಅತ್ತೆ, ಸುಟ್ಟ ತೂತನ್ನು ಯಾರಾದರೂ ತೆರೆಯುತ್ತಾರೆಯೇ ಎಂದು ಇಸ್ತ್ರಿಯಕ್ಕ. ಇಪ್ಪತ್ತೆರಡು ವರ್ಷದ ಮೇಲೆ ಅವರು ಒಬ್ಬರಿಗೊಬ್ಬರು ಆಡಿದ ಮೊದಲ ಮಾತು ಅದು.

ಪ್ರತಿನಿಧಿ ಸಿಕ್ಕಿದ ಎಳೆಯನ್ನು ಬಿಡಲಿಲ್ಲ. ಇರುವ ಇಬ್ಬರಲ್ಲೇ ಒಂದು ಸಾಲಿನ ಬಗ್ಗೆ ಒಮ್ಮತವಿಲ್ಲ, ಹಾಗಾದರೆ ಇದನ್ನು ಒಂದು ಶೈಲಿ ಎಂದು ಕಾಪಾಡುವುದು ಹೇಗೆ, ನಮ್ಮ ಇನ್ನೂರು ಹಾಡುಗಳಲ್ಲಿ ಒಂದು ಕೂದಲಿನ ವ್ಯತ್ಯಾಸವಿಲ್ಲ ಎಂದ.

ತಕ್ಕಡಿಯವರು ಸಭೆಯಲ್ಲಿ ಮಾತಾಡುವ ಜಾಯಮಾನದವರಲ್ಲ. ಆದರೆ ಆ ಕೊನೆಯ ಮಾತು ಅವರ ಹಳೆಯ ನೌಕರಿಗೆ ತಗುಲಿತು. ಎದ್ದು ನಿಂತರು.

“ಮೇಡಂ, ನನಗೆ ಹಾಡು ಗೊತ್ತಿಲ್ಲ. ತಕ್ಕಡಿ ಗೊತ್ತು. ಒಂದು ಮಾರ್ಕೆಟ್ಟಲ್ಲಿ ನಲವತ್ತು ಅಂಗಡಿ ಇದ್ರೆ ನಲವತ್ತು ತಕ್ಕಡಿನೂ ಚೂರು ಚೂರು ಬೇರೆ ತೂಗ್ತವೆ. ಬಳಸಿದ ವಸ್ತು ಸವೀತದೆ. ನಲವತ್ತೂ ಕೂದಲು ಬಿಡದೆ ಒಂದೇ ಥರ ತೂಗಿದ್ರೆ, ಯಾರೋ ಒಬ್ಬನೇ ಬಂದು ಕೂತು ಎಲ್ಲಾನೂ ತಿದ್ದಿದಾನೆ ಅಂತ ನಾವು ಕೇಸು ಬರೀತಿದ್ವಿ.”

ಪ್ರತಿನಿಧಿ ಉತ್ತರಕ್ಕೆ ಬಾಯಿ ತೆರೆದ. ಅಷ್ಟರಲ್ಲಿ ಜಗಳ ಹಾಡಿಗೆ ಏರಿತ್ತು. ಮಾತಿನಲ್ಲಿ ಸೋಲುವ ಹಾಗೆ ಕಂಡಾಗ ಇಸ್ತ್ರಿಯಕ್ಕ ಮೇಜು ತಟ್ಟಿ ಎತ್ತಿಕೊಂಡಿದ್ದರು:

ಒಗೆಯೋ ಮನೆಯ ಗಟ್ಟಿಗಿತ್ತಿ
ಕಲೆ ಬಿಡಿಸ್ತೀನಿ ಅಂತಾಳೆ;
ಕಲೆ ಇದ್ದಲ್ಲೇ ಇದೆ ನೋಡೇ,
ಬಟ್ಟೆ ಎಲ್ಲೋ ಹೋಯ್ತಲ್ಲೇ!

ಅತ್ತೆ ಅದಕ್ಕೊಂದು ಕೊಟ್ಟರು. ಇಸ್ತ್ರಿಯಕ್ಕ ತಿರುಗಿಸಿದರು. ನಡುವೆ ಕುಳಿತಿದ್ದ ಪ್ರತಿನಿಧಿಯ ಅಂಗಿಯ ಮೇಲೊಂದು ನುಡಿ ಬಂತು, ಮೇಡಂ ಅವರ ಕನ್ನಡಕದ ಮೇಲೊಂದು ಬಂತು, ಹೆಂಡತಿ ಹಾಡಿದರೆ ಗಂಟಲು ನೋವೇ ಎಂದು ಕೇಳಿದ ಅಳಿಯನ ಮೇಲೆ ಎರಡು ಬಂದವು. ಎಲ್ಲವೂ ಅಲ್ಲೇ ಹುಟ್ಟಿದವು. ತಕ್ಕಡಿಯವರು ಮಾತು ಕೊಟ್ಟಿದ್ದರಿಂದ, ತನ್ನ ಮೇಲಿನ ಬೈಗುಳವನ್ನೂ ಸೇರಿಸಿ ಅಕ್ಷರ ಬಿಡದೆ ಬರೆದುಕೊಳ್ಳುತ್ತಿದ್ದರು.

ಆಗ ಬಾಗಿಲಾಚೆ ಕೇಳಿಸಿತು: ಎರಡು ಗಟ್ಟಿ, ಮೂರನೆಯದು ಮೂಗು ಹಿಡಿದಂತೆ ಮೊಟಕು.

ಇಬ್ಬರು ಹೆಂಗಸರೂ ಒಬ್ಬರ ಮುಖ ಒಬ್ಬರು ನೋಡಲೂ ಇಲ್ಲ. ಬೈಗುಳದ ಸಾಲು ಅರ್ಧಕ್ಕೇ ತುಂಡಾಯಿತು. ಎರಡು ದನಿ ಒಂದೇ ಉಸಿರಿಗೆ, ಒಂದೇ ಶ್ರುತಿಯಲ್ಲಿ, ಕಣ್ಣು ತಗ್ಗಿಸಿ, ಕೈ ಕಟ್ಟಿಕೊಂಡು ಹಾಡಿದವು:

ಬಂದರು ನೋಡಿ ನಮ್ಮ ದೊರೆ,
ಮನಸು ಹಾಲಿನ ಬಿಳಿ ನೊರೆ.

ಬಾಗಿಲು ತೆರೆಯಿತು. ಮೇಸ್ತ್ರಿ ಛತ್ರಿ ಹಿಡಿದು ನಿಂತಿದ್ದರು.

ಮೇಡಂ ಪ್ರತಿನಿಧಿಯ ಕಡೆ ತಿರುಗಿ, ಪರಮಾತ್ಮ ಬಸ್ಸು ತಪ್ಪಿಸಿಕೊಂಡಿದ್ದರಂತೆ ಎಂದರು. ಆಮೇಲೆ ಒಂಬತ್ತನೆಯ ಕಲಮನ್ನು ಮತ್ತೊಮ್ಮೆ ತುಂಬಿ ಕೊಡುತ್ತೀರಾ ಎಂದು ಕೇಳಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಯುವಕ ಯಾರೂ ಕೇಳದೆಯೇ ಗ್ರಂಥಾಲಯದ ಟೇಪಿನ ವಿಷಯ ತಾನು ಸೇರುವ ಮೊದಲಿನದು ಎಂದುಬಿಟ್ಟ.

ಮೇಸ್ತ್ರಿಯ ಪರೀಕ್ಷೆ ಆಮೇಲೆ ನಡೆಯಿತು. ಅವರು ಬೋಳುತಲೆಯ ನುಡಿಗಳನ್ನು ಎತ್ತಿಕೊಂಡಾಗ ಹೆಂಗಸರಿಬ್ಬರೂ ಸೆರಗನ್ನು ಬಾಯಿಗೆ ಅಡ್ಡ ಹಿಡಿದರು. ಹದಿನಾಲ್ಕನೆಯದು ಮುಗಿಯುವ ಹೊತ್ತಿಗೆ ಅತ್ತೆ ನೆಲ ನೋಡುತ್ತಿದ್ದರು. ಇಷ್ಟೆಲ್ಲ ಕೇಳಿಸಿಕೊಂಡೂ ಒಂದು ದಿನ ಒಬ್ಬರ ಹೆಸರೂ ಬರೆಯಲಿಲ್ಲವೇ ಎಂದು ಇಸ್ತ್ರಿಯಕ್ಕ ಕೇಳಿದರು. ಮೇಸ್ತ್ರಿ, ಒಂಬತ್ತನೆಯ ನುಡಿಗೆ ಮಾತ್ರ ಬರೆದುಬಿಡೋಣ ಅನ್ನಿಸಿತ್ತು, ಏಕೆಂದರೆ ಅದರಲ್ಲಿ ಪ್ರಾಸ ಸರಿ ಕೂತಿರಲಿಲ್ಲ ಎಂದರು. ಆ ನುಡಿ ತನ್ನದಲ್ಲ ಎಂದು ಅತ್ತೆ, ತನ್ನದಂತೂ ಅಲ್ಲವೇ ಅಲ್ಲ ಎಂದು ಇಸ್ತ್ರಿಯಕ್ಕ ಒಟ್ಟಿಗೇ ಹೇಳಿದರು.

ತೀರ್ಪು ಮಂಗಳವಾರ ಬಂತು. ಶೈಲಿ ಜೀವಂತವಾಗಿದೆ, ಮೀಸಲು ತಾಸಿನಲ್ಲಿ ವಾರಕ್ಕೆ ಇಪ್ಪತ್ತು ನಿಮಿಷ ಮೂವರಿಗೆ, ಕಂಪನಿಯ ಇನ್ನೂರು ಹಾಡಿಗೆ ಮುದ್ರೆ ಬೀಳಬೇಕು, ಒಪ್ಪಿಗೆ ಪಡೆಯುವ ತನಕ ‘ಲಾಂಡ್ರಿ ಹಾಡು’ ಎಂಬ ಹೆಸರು ಬಳಸುವಂತಿಲ್ಲ. ಕಿಟಕಿಯ ನುಡಿಯ ಕರ್ತೃತ್ವದ ಬಗ್ಗೆ ಇಬ್ಬರ ಹೇಳಿಕೆಯನ್ನೂ ಲಗತ್ತಿಸಲಾಗಿದೆ, ವಿವಾದ ಬಾಕಿ ಇದೆ ಎಂದು ಕೊನೆಯಲ್ಲಿತ್ತು. ಇಬ್ಬರಿಗೂ ಅದು ತಮ್ಮ ಗೆಲುವೆಂದೇ ಅನ್ನಿಸಿತು. ಇಸ್ತ್ರಿಯಕ್ಕ ವಾರಕ್ಕೆ ಮೂರು ಸಲ ಮನೆಗೆ ಬಂದು ಅತ್ತೆಯೊಂದಿಗೆ ಜಗಳವಾಡತೊಡಗಿದರು. ಹೋಗುವ ಮೊದಲು ತಕ್ಕಡಿಯವರ ಅಂಗಿಗಳಿಗೆ ಇಸ್ತ್ರಿ ಮಾಡಿಕೊಟ್ಟು, ಅತ್ತೆ ಒಗೆದದ್ದನ್ನು ದೂರುತ್ತಿದ್ದರು.

ಎರಡು ತಿಂಗಳ ಮೇಲೆ ಕಂಪನಿಯಿಂದ ಮತ್ತೊಂದು ಕಾಗದ ಬಂತು. ಈ ಬಾರಿ ದೂರು ಅವರದು. ರೇಡಿಯೋದಲ್ಲಿ ಇಸ್ತ್ರಿಯಕ್ಕ ಹಾಡಿದ ಹೊಸ ಹಾಡಿನ ಧಾಟಿ ತಮ್ಮ ಯಂತ್ರದ ನೂರಾ ಹದಿನೇಳನೆಯ ಹಾಡಿನದು ಎಂದು. ತಕ್ಕಡಿಯವರು ನೋಟು ಪುಸ್ತಕ ಹಿಡಿದು ವಿಚಾರಣೆಗೆ ಹೋದರು. ಇಸ್ತ್ರಿಯಕ್ಕ ಮುಚ್ಚಿಡಲಿಲ್ಲ.

“ಅದೊಂದು ಚೆನ್ನಾಗಿತ್ತು, ತಗೊಂಡೆ. ಅರ್ಧ ನಮ್ಮದೇ ತಾನೇ? ಇನ್ನರ್ಧ ಯಾರದು ಅಂತ ಆ ಯಂತ್ರಕ್ಕೇ ಗೊತ್ತಿಲ್ಲ.”

ಯಂತ್ರದ ಹಾಡಿಗೆ ಕರ್ತೃವಿಲ್ಲ ಎಂದು ಕಾನೂನಿನಲ್ಲೇ ಇತ್ತು. ತಕ್ಕಡಿಯವರು ಕಲಮು ಸಂಖ್ಯೆ ಸಮೇತ ಉತ್ತರ ಬರೆದರು. ಮೇಡಂ ಅದಕ್ಕೆ ರುಜು ಹಾಕುವಾಗ ನಕ್ಕರು, ಆದರೆ ಹಾಗೆ ನಕ್ಕದ್ದನ್ನು ದಾಖಲಿಸಬೇಡಿ ಎಂದರು.

ಇದರ ನಂತರ ಕಂಪನಿಗೆ ಬುದ್ಧಿ ಬಂತೋ, ಬೇರೆ ದಾರಿ ಕಾಣಲಿಲ್ಲವೋ, ಒಪ್ಪಿಗೆ ಪತ್ರದ ನಮೂನೆ ಹಿಡಿದುಕೊಂಡು ಅದೇ ಪ್ರತಿನಿಧಿ ತಕ್ಕಡಿಯವರ ಮನೆಗೆ ಬಂದ. ಅಡುಗೆಮನೆಯ ಮೇಜಿನ ಸುತ್ತ ಮೂವರೂ ಕುಳಿತಿದ್ದರು. ಒಪ್ಪಿಗೆ ಕೊಡಲು ಅಡ್ಡಿಯಿಲ್ಲ, ಆದರೆ ಏನನ್ನು ತೆಗೆದುಕೊಂಡು ಹೋಗುತ್ತಿದ್ದೇನೆಂದು ಒಯ್ಯುವವನಿಗೆ ಗೊತ್ತಿರಬೇಕು ಎಂದು ಅತ್ತೆ ಹೇಳಿದರು. ಅವನೇ ಬಂದು ಕಲಿಯಲಿ. ಹಿಂಡಲು ಒಂದು ಹಳೆಯ ಚಾದರ ಕೊಡುತ್ತೇವೆ. ಸ್ವಂತದ್ದೊಂದು ನುಡಿ ಕಟ್ಟಿ ಹಾಡಿದ ದಿನ ರುಜು.

ಆತ ಬುಧವಾರ ಬುಧವಾರ ಬರತೊಡಗಿದ. ಮೊದಲ ವಾರ ಚಾದರ ಅವನ ಕೈಯಿಂದ ಜಾರಿ ಮೇಸ್ತ್ರಿಯ ಕಾಲ ಮೇಲೆ ಬಿತ್ತು. ಎರಡನೆಯ ವಾರ ಬೀಸು ಹಿಡಿಯಿತು. ದನಿ ಪರವಾಗಿಲ್ಲ ಎಂದು ಇಸ್ತ್ರಿಯಕ್ಕ ಒಪ್ಪಿದರು. ಕಷ್ಟವಿದ್ದದ್ದು ನುಡಿ ಕಟ್ಟುವುದರಲ್ಲಿ. ಹುಡುಗ ಯಾರ ಮೇಲೆ ಕಟ್ಟಿದರೂ ಅದು ಹುಟ್ಟುಹಬ್ಬದ ಶುಭಾಶಯದಂತೆ ಕೇಳಿಸುತ್ತಿತ್ತು. ಇಷ್ಟು ಒಳ್ಳೆಯ ಮಾತಾಡುವವನನ್ನು ಮನೆಯಲ್ಲಿ ಹೇಗೆ ಸಹಿಸುತ್ತಾರೋ ಎಂದು ಅತ್ತೆ ನಿಟ್ಟುಸಿರಿಟ್ಟರು. ನಿನಗೆ ಲೋಕದಲ್ಲಿ ಸಿಟ್ಟು ಬರಿಸುವವರು ಯಾರೂ ಇಲ್ಲವೇ ಎಂದು ಮೇಸ್ತ್ರಿ ಕೇಳಿದರು. ಆತ ಚಾದರ ಮಡಚಿಟ್ಟು ಆ ದಿನ ಬೇಗ ಹೊರಟುಹೋದ.

ಐದನೆಯ ಬುಧವಾರ ಬಂದವನು ಚೀಲ ಕೆಳಗಿಡುವ ಮೊದಲೇ ಚಾದರದ ತುದಿ ಹಿಡಿದ. ತಮ್ಮ ಕಂಪನಿಯ ನಿರ್ದೇಶಕರ ಮೇಲೆ ನಾಲ್ಕು ಸಾಲು ಹಾಡಿದ. ಮೇಸ್ತ್ರಿ ಮೀಸೆ ಮುಚ್ಚಿಕೊಂಡರು. ಇಸ್ತ್ರಿಯಕ್ಕ ಮೂರನೆಯ ಸಾಲನ್ನು ಇನ್ನೊಮ್ಮೆ ಹೇಳಿಸಿದರು. ಅತ್ತೆ ಪೆನ್ನು ಕೇಳಿ ಪಡೆದು, ರುಜು ಹಾಕುವ ಮೊದಲು, ಆ ನಿರ್ದೇಶಕರಿಗೆ ರೇಡಿಯೋ ಕೇಳುವ ಅಭ್ಯಾಸ ಇದೆಯೇ ಎಂದು ವಿಚಾರಿಸಿದರು. ಇದೆ ಎಂದು ಗೊತ್ತಾದ ಮೇಲೆ, ಮುಂದಿನ ವಾರದ ಇಪ್ಪತ್ತು ನಿಮಿಷದಲ್ಲಿ ಅವನಿಗೂ ಮೂರು ನಿಮಿಷ ಕೊಡುವುದೆಂದು ತೀರ್ಮಾನವಾಯಿತು. ತನ್ನ ಹೆಸರು ಹೇಳುವುದು ಬೇಡ ಎಂದು ಹುಡುಗ ಬೇಡಿಕೊಂಡ. ತಕ್ಕಡಿಯವರು ಕಾನೂನು ಪುಸ್ತಕ ತೆರೆದು ನೋಡಿ, ಹಾಡಿದವರು ಮನುಷ್ಯರು ಎಂದು ಹೇಳಿದರೆ ಸಾಕು, ಯಾವ ಮನುಷ್ಯರು ಎಂದು ಹೇಳಲೇಬೇಕೆಂಬ ನಿಯಮವಿಲ್ಲ ಎಂದು ಧೈರ್ಯ ತುಂಬಿದರು.